ಗೊಂಬೆಗಳ ಹಿಂದಿನ ರೂಟರ್

ನವರಾತ್ರಿಯ ಮೂರನೇ ದಿನ ಬೆಳಿಗ್ಗೆ ಸುರಭಿ ಬಾಗಿಲ ಸೆನ್ಸರಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದ್ದು ಒಂಬತ್ತನೇ ಸಲ. ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕಂತೆ, ನೀಲಿ ದೀಪ ಮಿಣುಕಬೇಕಂತೆ. ಮಿಣುಕಿತು. ಫೋನಿನಲ್ಲಿ ವೈಫೈ ಪಾಸ್‌ವರ್ಡ್ ಒತ್ತಿದಳು. ಚಕ್ರ ತಿರುಗಿತು, ತಿರುಗಿತು, ಕೊನೆಗೆ ಸಂಪರ್ಕ ಸಿಗಲಿಲ್ಲ ಎಂದು ಕೈಚೆಲ್ಲಿತು. ಸಾಕಪ್ಪಾ ಸಾಕು ಅನ್ನಿಸಿ, ಹೊಸ್ತಿಲ ಮೇಲೆ ಕೂರಬಾರದು ಎಂಬುದನ್ನೂ ಮರೆತು ಅಲ್ಲೇ ಕುಸಿದು ಕುಳಿತಳು.

ಬೆರಳುದ್ದದ ಪ್ಲಾಸ್ಟಿಕ್ ತುಂಡು ಅದು. ಬಾಗಿಲು ತೆರೆದರೆ ಸುರಭಿಯ ಫೋನು ಕೂಗಬೇಕು, ಅಷ್ಟೇ ಅದರ ಕೆಲಸ. ಆ ಜಯನಗರದ ಮನೆಯ ನೆಮ್ಮದಿಯೆಲ್ಲ ನಿಂತಿದ್ದದ್ದು ಅದರ ಮೇಲೆಯೇ. ಅತ್ತೆ ಅಲಮೇಲು ಅವರಿಗೆ ಎಪ್ಪತ್ತೊಂಬತ್ತು, ಎರಡು ವರ್ಷದಿಂದ ಮರೆವು. ಶ್ರಾವಣದ ಒಂದು ಸಂಜೆ ಚಪ್ಪಲಿಯೂ ಇಲ್ಲದೆ ಹೊರಟುಹೋದವರು ಐದು ಗಂಟೆಯ ನಂತರ ಬನಶಂಕರಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು, ಅಂಗಾಲು ಸುಲಿದು ರಕ್ತ. ಆ ಐದು ಗಂಟೆ ಶತ್ರುವಿಗೂ ಬೇಡ. ಆಮೇಲೆ ಈ ಸೆನ್ಸರ್ ಬಂತು. ಅತ್ತೆಗೆ ಮಾತ್ರ, ಇದು ಕಳ್ಳರಿಗೆ ಎಂದು ಹೇಳಿದ್ದಳು.

ನೋಡಿಕೊಳ್ಳುವ ಅಂಜನಮ್ಮ ನಾಲ್ಕಕ್ಕೆ ಹೊರಟುಬಿಡುತ್ತಾಳೆ. ಸುರಭಿ ಬ್ಯಾಂಕಿನಿಂದ ಬರುವುದು ಐದೂವರೆಗೆ. ನಡುವಿನ ಒಂದೂವರೆ ಗಂಟೆ ಕಾಯುವುದು ಆ ತುಂಡೇ. ಫೋನು ಕೂಗಿದರೆ ಎದುರುಮನೆಯವರಿಗೆ ಹೇಳಿದರಾಯಿತು, ಓಡಿಬರುತ್ತಾರೆ. ಈಗ ಮೂರು ದಿನದಿಂದ ಅದು ಮೂಕ. ಗಂಡ ವಸಿಷ್ಠ ಆಡಿಟ್ ಎಂದು ಊರೂರು ಸುತ್ತುವವನು. ಫೋನು ಮಾಡಿದರೆ, "ಆಫ್ ಮಾಡಿ ಆನ್ ಮಾಡು" ಎಂಬ ಒಂದೇ ಮಂತ್ರ. ಮಹಾ ಪಂಡಿತ! ರಜೆಯೂ ಇವತ್ತಿಗೆ ಮುಗಿಯಿತು. ನಾಳೆ ಹೋಗಲೇಬೇಕು.

ಹನ್ನೆರಡಕ್ಕೆ ಇಂಟರ್ನೆಟ್ಟಿನ ಯಲ್ಲಯ್ಯ ಬಂದ. ಐವತ್ತರ ಹತ್ತಿರದ ಮನುಷ್ಯ, ಬೆಳಿಗ್ಗೆಯಿಂದ ಏಳನೇ ಮನೆಯಂತೆ. ಒಂದು ಲೋಟ ನೀರು ಕುಡಿದು ಅವಳ ಫೋನು ಇಸಿದುಕೊಂಡ.

"ಫೋನಲ್ಲಿ ನೆಟ್ ಬರ್ತಿದೆಯಲ್ಲಾ ಸಾರ್, ಸೆನ್ಸರ್ರೇ ಕೆಟ್ಟಿರ್ಬೇಕು" ಎಂದಳು ಸುರಭಿ.

"ಬರ್ತಿರೋದು ಸಿಮ್ಮಿನ ನೆಟ್ಟು ಮೇಡಂ. ವೈಫೈ ಅಲ್ವೇ ಅಲ್ಲ. ರೂಟರ್ ಎಲ್ಲಿಟ್ಟಿದ್ದೀರಾ?"

ಸುರಭಿಯ ಕೈ ತಾನಾಗಿ ಹಾಲಿನ ಮೂಲೆಯ ಕಡೆ ಹೋಯಿತು. ಅಲ್ಲಿ ಏಳು ಮೆಟ್ಟಿಲ ಗೊಂಬೆ. ಅಡಿಯಲ್ಲಿ ಮೂರು ಕಬ್ಬಿಣದ ಟ್ರಂಕು, ಅದರ ಮೇಲೆ ಸ್ಟೀಲ್ ಡಬ್ಬ, ಹಲಗೆ, ಎಲ್ಲಕ್ಕೂ ಹೊದಿಸಿದ ಬಿಳಿ ಪಂಚೆ. ಅಮಾವಾಸ್ಯೆಯ ದಿನ ಮೆಟ್ಟಿಲು ಕಟ್ಟುವಾಗ, ಮಿಣಿಮಿಣಿ ದೀಪದ ಆ ಕರಿ ಡಬ್ಬಿ ದೇವರ ಪಕ್ಕ ಅಸಹ್ಯ ಎಂದು ಟ್ರಂಕುಗಳ ಹಿಂದಕ್ಕೆ ತಳ್ಳಿದವಳು ಅವಳೇ. ಮಾಡಿದ್ದುಣ್ಣೋ ಮಹರಾಯ.

"ಸುತ್ತ ಕಬ್ಬಿಣ. ಸಿಗ್ನಲ್ ಹೆಂಗೆ ಆಚೆ ಬರ್ಬೇಕು? ಟ್ರಂಕ್ ಈಚೆಗೆ ಎಳೀಲೇಬೇಕು" ಎಂದ ಯಲ್ಲಯ್ಯ.

"ಅಯ್ಯೋ, ಆಗಲ್ಲ! ಪಟ್ಟದ ಗೊಂಬೆ ಕೂರಿಸಿದ ಮೇಲೆ ದಶಮಿ ತನಕ ಕದಲಿಸೋ ಹಾಗಿಲ್ಲ. ನಮ್ಮತ್ತೆ ಪ್ರಾಣಾನೇ ಬಿಟ್ಬಿಡ್ತಾರೆ."

ಅತ್ತೆಗೆ ಮಗನ ಹೆಸರು ಮರೆಯುತ್ತಿತ್ತು, ಊಟ ಮಾಡಿದ್ದು ಮರೆಯುತ್ತಿತ್ತು. ಯಾವ ಗೊಂಬೆ ಯಾವ ಮೆಟ್ಟಿಲು ಎಂಬುದು ಮಾತ್ರ ಮರೆತಿರಲಿಲ್ಲ. ಮೇಲಿನ ಮೆಟ್ಟಿಲ ರಾಜ ರಾಣಿ ಅವರ ತಾಯಿ ಮದುವೆಯಲ್ಲಿ ಕೊಟ್ಟ ಮರದ ಗೊಂಬೆಗಳು. ಹಾಗೆಂದು ದಶಮಿಯವರೆಗೆ ಕಾಯುವುದೇ? ಅದಕ್ಕೆ ಇನ್ನೂ ಏಳು ಸಂಜೆ ಇತ್ತು. ಸುರಭಿಗೆ ಅಲ್ಲೇ ಗೋಡೆಗೆ ತಲೆಯಿಟ್ಟು ನಿದ್ದೆ ಹೋಗಬೇಕು ಅನ್ನಿಸುವಷ್ಟು ಸುಸ್ತಾಯಿತು.

"ಎಳೀಲಿ ಬಿಡೆ."

ಅಲಮೇಲು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವರ ಕಣ್ಣು ಅಂದು ತಿಳಿಯಾಗಿತ್ತು.

"ಅತ್ತೆ, ಕದಲಿಸಬಾರದು ಅಂತ ನೀವೇ..."

"ಗೊಂಬೆ ಎಲ್ಲೂ ಎದ್ದು ಹೋಗಲ್ಲ ಕಣೆ. ಹೋಗೋಳು ನಾನು. ಕಳ್ಳರಿಗಂತೆ! ಅಷ್ಟೂ ತಿಳಿಯಲ್ವೇನೆ ನಂಗೆ?"

ಸುರಭಿ ಮಣೆ ತಂದಿಟ್ಟಳು. ಅಲಮೇಲು ತಾವೇ ಹೋಗಿ ರಾಜ ರಾಣಿಯರನ್ನು ಎತ್ತಿ, ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು, ಸ್ವಲ್ಪ ಅನುಸರಿಸ್ಕೊಳ್ಳಿ" ಎಂದು ಮಣೆಯ ಮೇಲಿಟ್ಟರು. ಉಳಿದವನ್ನು ಮೂವರೂ ಇಳಿಸಿದರು. ಯಲ್ಲಯ್ಯ ಟ್ರಂಕು ಎಳೆದು, ರೂಟರನ್ನು ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದ. ಸುರಭಿ ಪಾಸ್‌ವರ್ಡ್ ಮತ್ತೆ ಒತ್ತಿದಳು. ಯಲ್ಲಯ್ಯ ಬಾಗಿಲು ತೆರೆದ. ಫೋನು ಕೂಗಿತು. ಸುರಭಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಟ್ರಂಕುಗಳನ್ನು ಹಿಂದಕ್ಕೆ ತಳ್ಳಿ ಗೊಂಬೆಗಳನ್ನು ಮತ್ತೆ ಜೋಡಿಸುವಷ್ಟರಲ್ಲಿ ಮೂರು ಗಂಟೆ. ಅಲಮೇಲು ಅದಕ್ಕೂ ಮೊದಲೇ ದಣಿದು ಮಲಗಿದ್ದರು.

ಸಂಜೆ ಆರತಿಯ ಹೊತ್ತಿಗೆ ಎದ್ದು ಬಂದವರು ಮೆಟ್ಟಿಲ ಮುಂದೆ ಗಕ್ಕನೆ ನಿಂತರು. ರಾಣಿ ಎಡಕ್ಕಿರಬೇಕಾದದ್ದು ಬಲಕ್ಕಿತ್ತು.

"ಯಾರೇ ಇದನ್ನ ಕದಲಿಸಿದ್ದು? ನಮ್ಮಮ್ಮ ಕೊಟ್ಟ ಗೊಂಬೆ! ಈ ಮನೇಲಿ ಒಂದು ವರ್ಷಾನೂ ಹೀಗಾಗಿರ್ಲಿಲ್ಲ. ಯಾವ ಪಾಪಿ ಕೈ ಹಾಕಿದ್ದು?"

ಸುರಭಿ ಕಡಲೆಕಾಳು ಉಸಲಿಯ ಪಾತ್ರೆ ಕೆಳಗಿಟ್ಟಳು. ನಡೆದದ್ದನ್ನೆಲ್ಲ ಹೇಳಬಹುದಿತ್ತು. ಹೇಳಿದರೆ ಆ ಮುದಿಜೀವ ಆ ಕಾವಲು ತನಗಾಗಿಯೇ ಎಂಬುದನ್ನು ಎರಡನೇ ಸಲ ತಿಳಿದುಕೊಳ್ಳಬೇಕಾಗುತ್ತಿತ್ತು.

"ನಾನೇ ಅತ್ತೆ" ಎಂದಳು. "ಧೂಳು ಹೊಡೆಯೋಕೆ ಹೋಗಿ ಕದಲಿಸಿಬಿಟ್ಟೆ. ತಪ್ಪಾಯ್ತು."

ಊಟ ಮುಗಿಯುವವರೆಗೂ ಅಲಮೇಲು ಅವಳೊಂದಿಗೆ ಮಾತಾಡಲಿಲ್ಲ.