ಎರಡು ತಟ್ಟಿದರೆ ನಿಲ್ಲಿಸಬೇಕು

ಕೋಪ ಬಂದರೆ ತಗಡಕ್ಕ ಮೊದಲು ಕೈಯಲ್ಲಿದ್ದ ಸುತ್ತಿಗೆ ಕೆಳಗಿಡುತ್ತಿದ್ದಳು. ಅಷ್ಟರ ಮಟ್ಟಿಗೆ ಬುದ್ಧಿವಂತೆ. ಆಮೇಲೆ ಬಾಯಿ ತೆರೆಯುತ್ತಿದ್ದಳು. ಬುದ್ಧಿ ಅಲ್ಲಿಗೆ ಮುಗಿಯುತ್ತಿತ್ತು.

ಹಳೆ ಕಾರುಗಳ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಬೈಯುವುದರಲ್ಲಂತೂ ಇರಲೇ ಇಲ್ಲ. ಎರಡು ವರ್ಷದ ಹಿಂದೆ ಆ ಬಾಯಿಯೇ ಅವಳ ಸ್ವಂತ ತಮ್ಮನನ್ನು ಶೆಡ್ಡಿನಿಂದ ಓಡಿಸಿತ್ತು. ಅವನು ಹಿಂದಿನ ಸೀಟು ತೆಗೆಯದೆ ವೆಲ್ಡಿಂಗ್ ಶುರು ಮಾಡಿದ್ದ, ಸ್ಪಂಜಿಗೆ ಬೆಂಕಿ ಹತ್ತಿತ್ತು. ಒಂದು ಬಕೆಟ್ ಮರಳಲ್ಲಿ ಆರಿಹೋದ ಬೆಂಕಿ ಅದು. ತಗಡಕ್ಕ ಮಾತ್ರ ಆರಲಿಲ್ಲ. ನಾಲ್ಕು ಜನ ಗಿರಾಕಿಗಳ ಎದುರಿಗೆ ಅವನ ತಲೆಯಿಂದ ವೆಲ್ಡಿಂಗ್ ಮುಖವಾಡ ಕಿತ್ತು ಬೀದಿಗೆಸೆದಳು. "ಕಣ್ಣೇ ಇಲ್ಲದವನಿಗೆ ಇದ್ಯಾಕೆ?" ಎಂದಳು. ಅವನು ಮುಖವಾಡ ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಎರಡು ಬೀದಿಯಾಚೆ ಗೇಟು ಮಾಡುವವನ ಹತ್ತಿರ ಸರಳುಗಳಿಗೆ ಬಣ್ಣ ಬಳಿಯುತ್ತಿದ್ದ.

ಅಂದಿನಿಂದ ತಗಡಕ್ಕ ಬಾಗಿಲು, ಬಾನೆಟ್ಟು ಮುಂತಾಗಿ ಬಿಚ್ಚಿ ಮೇಜಿನ ಮೇಲಿಡುವಂಥ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಿದ್ದಳು. ಕಾರಿನಲ್ಲೇ ಕೂತಿರುವ ಭಾಗವನ್ನು ಒಬ್ಬರೇ ಬೆಸೆಯಬಾರದು ಎನ್ನುವುದು ಅಪ್ಪ ಹಾಕಿದ ಕಟ್ಟಳೆ. ಮುಖವಾಡ ಹಾಕಿಕೊಂಡವರಿಗೆ ಕಾಣುವುದು ಕಿಡಿಯೊಂದೇ. ತಗಡಿನ ಆಚೆ ಏನು ಉರಿಯುತ್ತಿದೆ ಎಂದು ನೋಡಲು ಒದ್ದೆ ಬಟ್ಟೆ ಹಿಡಿದು ಇನ್ನೊಬ್ಬರು ಕೂತಿರಬೇಕು. ಅವಳು ಇಬ್ಬರನ್ನು ಇಟ್ಟುಕೊಂಡು ನೋಡಿದಳು. ಒಬ್ಬ ಒಂದು ವಾರ ತಡೆದ, ಇನ್ನೊಬ್ಬ ಮಧ್ಯಾಹ್ನದ ಊಟದವರೆಗೆ. ಅವಳಿಗೆ ಬೇಕಾಗಿದ್ದದ್ದು ಆಳಲ್ಲ, ತಮ್ಮ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಒಂದು ಹಿಡಿ ಮೊಳೆ ನುಂಗುವುದು ಅವಳಿಗೆ ಸುಲಭವಿತ್ತು.

ನರ್ಸಮ್ಮನ ಕಾರು ಬಂದದ್ದು ಬುಧವಾರ. ನಲವತ್ತೊಂದು ವರ್ಷದ, ತಿಳಿಹಸಿರು ಬಣ್ಣದ, ಕಪ್ಪೆಯಂತೆ ಕಣ್ಣುಬಿಟ್ಟುಕೊಂಡಿರುವ ಕಾರು. ನರ್ಸಮ್ಮ ಹೆರಿಗೆ ಆಸ್ಪತ್ರೆಯಿಂದ ನಿವೃತ್ತಳಾದವಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಈ ಅಕ್ಕ ತಮ್ಮನೂ ಸೇರಿ.

ತಗಡಕ್ಕ ಬಾಗಿಲ ಕೆಳಗಿನ ಉದ್ದ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದಳು. ಬಿಸ್ಕತ್ತು ಮುರಿದಂತೆ ಸದ್ದಾಗಿ ಅದು ಹಿಡಿಯವರೆಗೂ ಒಳಗೆ ಹೋಯಿತು.

"ಥೂ! ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಯಾವ ಕತ್ತೆ ಮಾಡಿದ್ದು ಇದನ್ನ?"

"ಕತ್ತೆ ವಿಳಾಸ ಆಮೇಲೆ ಕೊಡ್ತೀನಿ. ಸೋಮವಾರ ಆರ್‌ಟಿಓ ತಪಾಸಣೆ ಇದೆ. ಪಾಸಾಗದಿದ್ರೆ ಗುಜರಿಗೆ ಹಾಕು ಅಂತಾರೆ."

"ಇದು ಬಿಚ್ಚೋಕಾಗೋ ಭಾಗ ಅಲ್ಲ. ಒಬ್ಬಳೇ ಬೆಸೆಯೋಕಾಗಲ್ಲ."

"ಗೊತ್ತು. ಶನಿವಾರ ನಿನ್ನ ತಮ್ಮ ಬರ್ತಾನೆ. ಹೇಳಿ ಬಂದಿದ್ದೀನಿ."

ತಗಡಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಬಾಯಿ ತೆರೀಬೇಡ," ಎಂದಳು ನರ್ಸಮ್ಮ. "ನೀನು ಹುಟ್ಟಿದ ದಿನ ಅದನ್ನ ಮುಚ್ಚಿಸೋಕೆ ನನಗೆ ಎರಡು ಗಂಟೆ ಹಿಡೀತು."

ಯಾರ ಹಂಗೂ ತನಗಿಲ್ಲ ಎಂದು ತೋರಿಸಲು ತಗಡಕ್ಕ ಶುಕ್ರವಾರವಿಡೀ ಒಬ್ಬಳೇ ತಯಾರಿ ಮಾಡಿದಳು. ಬ್ಯಾಟರಿಯ ತಂತಿ ಬಿಚ್ಚಿದಳು. ಪೆಟ್ರೋಲ್ ಟ್ಯಾಂಕು ಇಳಿಸಿ ಅಂಗಳದಾಚೆ ನೆರಳಿಗೆ ಸಾಗಿಸಿದಳು. ಸೀಟು, ಚಾಪೆ ಎಲ್ಲ ಹೊರಗೆ. ಸದ್ದು ತಡೆಯಲೆಂದು ಒಳಗಡೆ ನೆಲಕ್ಕೆ ಅಂಟಿಸಿದ್ದ ಡಾಂಬರು ಹಾಳೆಯನ್ನು ಹಲ್ಲು ಕಚ್ಚಿ ಕೆರೆದಳು. ಗಟ್ಟಿ ಲೋಹ ಹೊಳೆಯುವವರೆಗೂ ತುಕ್ಕು ಕತ್ತರಿಸಿ, ರಟ್ಟಿನಲ್ಲಿ ಅಚ್ಚು ಮಾಡಿ, ಹೊಸ ತಗಡನ್ನು ಉಗುರು ತೂರದಷ್ಟು ನಿಖರವಾಗಿ ಕೂರಿಸಿದಳು.

ಶನಿವಾರ ನರ್ಸಮ್ಮನ ಜೊತೆ ತಮ್ಮ ಬಂದ. ಕಂಕುಳಲ್ಲಿ ಅದೇ ಮುಖವಾಡ, ಬೀದಿಗೆ ಬಿದ್ದಾಗ ಅಂಚು ಸೀಳಿದ್ದದ್ದು ಹಾಗೇ ಇತ್ತು. ಅಕ್ಕ ಸೀಳು ನೋಡಿದಳು. ಅವಳು ನೋಡಿದ್ದನ್ನು ಅವನು ನೋಡಿದ. ಇಬ್ಬರೂ ನರ್ಸಮ್ಮನ ಕಡೆ ತಿರುಗಿದರು.

"ನರ್ಸಮ್ಮ, ಹತ್ತಿ ಅಂಗಿ ಹಾಕ್ಕೊಂಡು ಬಂದಿದ್ದಾರಾ ಕೇಳಿ. ನೈಲಾನ್ ಆದ್ರೆ ಕಿಡಿ ಬಿದ್ದು ಚರ್ಮಕ್ಕೇ ಅಂಟ್ಕೊಳ್ಳುತ್ತೆ."

"ನರ್ಸಮ್ಮ, ಹತ್ತೀನೇ ಅಂತ ಹೇಳಿ. ನಾನೇನು ನಿನ್ನೆ ಹುಟ್ಟಿದವನಲ್ಲ ಅಂತಾನೂ ಹೇಳಿ."

"ಅದಕ್ಕೆ ನಾನೇ ಸಾಕ್ಷಿ," ಎಂದಳು ನರ್ಸಮ್ಮ. "ಹುಟ್ಟುವಾಗ ಕುಂಡೆ ಮುಂದಾಗಿ ಬಂದಿದ್ದ. ಎಳೆದೂ ಎಳೆದೂ ನನ್ನ ಸೊಂಟ ಬಿದ್ದುಹೋಯ್ತು. ಶುರು ಮಾಡ್ರೋ!"

ತಮ್ಮ ಒದ್ದೆ ಬಟ್ಟೆ, ನೀರಿನ ಚೊಂಬು ಹಿಡಿದು ಕಾರಿನೊಳಗೆ ಮಂಡಿಯೂರಿದ. ಅಕ್ಕ ಹೊರಗೆ ಅಂಗಾತ ಮಲಗಿ, ಚರ್ಮದ ಕೈಗವಸು ಏರಿಸಿ ಮುಖವಾಡ ಇಳಿಸಿಕೊಂಡಳು. ಇಬ್ಬರ ನಡುವೆ ಒಂದು ಮಿಲಿಮೀಟರು ತಗಡು. ಒಳಗಿನಿಂದ ಒಂದು ತಟ್ಟಿದರೆ ಬೆಸೆಯಬೇಕು, ಎರಡು ತಟ್ಟಿದರೆ ನಿಲ್ಲಿಸಬೇಕು. ಇದೂ ಅಪ್ಪ ಕಲಿಸಿದ ಲೆಕ್ಕವೇ. ಟಕ್. ಅವಳು ಒಂದು ಚುಕ್ಕೆ ಬೆಸೆದಳು. ಟಕ್. ಗೇಣು ಬಿಟ್ಟು ಇನ್ನೊಂದು. ಒಂದೇ ಸಮನೆ ಗೆರೆ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಅಲ್ಲೊಂದು, ಇಲ್ಲೊಂದು ಇಡಬೇಕು, ಆರಲು ಬಿಡಬೇಕು. ಒಂದು ಗಂಟೆ ಅಕ್ಕ ತಮ್ಮ ಒಂದೇ ಒಂದು ಮಾತಿಲ್ಲದೆ, ಒಂದೇ ಒಂದು ತಪ್ಪಿಲ್ಲದೆ ಕೆಲಸ ಮಾಡಿದರು. ತಗಡಕ್ಕನಿಗೆ ಮುಖವಾಡದೊಳಗೆ ನಗು ಬರುತ್ತಿತ್ತು. ಯಾರಿಗೂ ಕಾಣದ್ದರಿಂದ ನಕ್ಕಳು.

ಇನ್ನು ನಾಲ್ಕೇ ಚುಕ್ಕೆ ಉಳಿದಿದ್ದವು. ಟಕ್, ಟಕ್.

ಅವಳಿಗೆ ರೇಗಿತು. ಬೇಕಂತಲೇ ಸತಾಯಿಸ್ತಿದ್ದಾನೆ ಎಂದುಕೊಂಡಳು. ಆದರೆ ಅಷ್ಟರಲ್ಲಿ ಬೆರಳು ವೆಲ್ಡಿಂಗ್ ಗನ್ನಿನ ಗುಂಡಿ ಬಿಟ್ಟಾಗಿತ್ತು. ಆ ಬೆರಳನ್ನು ಅಪ್ಪ ಅವಳ ಕೋಪಕ್ಕಿಂತ ಮೊದಲೇ ಪಳಗಿಸಿದ್ದ. ಮುಖವಾಡ ಎತ್ತಿದಾಗ ಹೊಗೆ ವಾಸನೆ ಮೂಗಿಗೆ ಬಡಿಯಿತು.

ತಮ್ಮ ಒದ್ದೆ ಬಟ್ಟೆಯನ್ನು ಸೀಟು ಕೂರಿಸುವ ನೆಲದ ಕಬ್ಬಿಣದ ಕೆಳಗೆ ಒತ್ತಿಹಿಡಿದಿದ್ದ. ಬಟ್ಟೆ ತೆಗೆದಾಗ ಅಂಗೈಯಗಲದ ಡಾಂಬರು ಹಾಳೆ ಸುಟ್ಟು ಬೊಬ್ಬೆಯೆದ್ದಿತ್ತು. ಅವಳು ಕೆರೆಯದೇ ಬಿಟ್ಟ ತುಂಡು.

ನರ್ಸಮ್ಮ ಮರಳಿನ ಬಕೆಟ್ ಹಿಡಿದು ನಿಂತಿದ್ದಳು. ತಮ್ಮ ಉಳಿ ತಗೊಂಡು ಆ ತುಂಡನ್ನು ಕೆರೆದುಹಾಕಿ, ತಗಡನ್ನು ಒರೆಸಿ, ಒಂದು ತಟ್ಟಿದ. ಉಳಿದ ನಾಲ್ಕು ಚುಕ್ಕೆಗಳೂ ಬಿದ್ದವು.

ಕೊನೆಯ ಕಿಡಿ ಆರಿದ ಮೇಲೂ ಅರ್ಧ ಗಂಟೆ ಕಾರು ಬಿಟ್ಟು ಕದಲುವಂತಿಲ್ಲ. ಕಾಣದ ಸಂದಿಯಲ್ಲಿ ಕೆಂಡ ಕೂತಿರಬಹುದು. ಮೂವರೂ ಡಬ್ಬಗಳ ಮೇಲೆ ಕೂತರು. ತಗಡಕ್ಕ ಕೈಗವಸು ಕಳಚಿದಳು, ಮತ್ತೆ ಹಾಕಿಕೊಂಡಳು, ಮತ್ತೆ ಕಳಚಿದಳು.

"ಅರ್ಧ ಗಂಟೆ ಇದೆ," ಎಂದಳು, ನೇರವಾಗಿ ಅವನಿಗೇ. "ಬೈಯೋ."

"ಏನು?"

"ಅವತ್ತು ನೀನು ಮಾಡಿದ ತಪ್ಪನ್ನೇ ಇವತ್ತು ನಾನು ಮಾಡಿದೆ. ಬೈಯಿ."

ಅವನು ಕೆಮ್ಮಿದ. "ನೀನು... ಸ್ವಲ್ಪ ಗಮನ ಕೊಡಬೇಕಿತ್ತು."

"ಇದು ಬೈಗುಳವೇನೋ? ಆಸ್ಪತ್ರೆ ಗೋಡೆ ಮೇಲೆ ಬರೆದಂಗಿದೆ!"

"ನೀನು ದೊಡ್ಡ... ಬೇಜವಾಬ್ದಾರಿ."

"ಹೊಟ್ಟೆಯಿಂದ ಉಸಿರು ಎಳ್ಕೊಳ್ಳೋ," ಎಂದಳು ನರ್ಸಮ್ಮ, ಹೆರಿಗೆ ಕೋಣೆಯ ದನಿಯಲ್ಲಿ. "ಹಾಂ, ಈಗ ಬಿಡು!"

ಅವನು ಎಳೆದುಕೊಂಡ, ಬಿಟ್ಟ. "ರಾಕ್ಷಸಿ! ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದು ಬೀದಿಗೆಸೆದೆ! ಎರಡು ವರ್ಷ, ಎರಡು ಬೀದಿ! ಒಂದು ದಿನ ಬಂದು ಹೇಗಿದ್ದೀಯ ಅಂದ್ಯಾ? ಗೇಟಿಗೆ ಬಣ್ಣ ಬಳಿದೂ ಬಳಿದೂ ಕನಸಲ್ಲೂ ಸರಳು ಎಣಿಸ್ತಿದ್ದೀನಿ ಕಣೇ!"

ಶೆಡ್ಡು ಗುಂಯ್ ಎಂದಿತು. ಆಚೆ ನಾಯಿಯೊಂದು ಎದ್ದು ಹೋಯಿತು. ತಗಡಕ್ಕ ಕೈಯಲ್ಲಿದ್ದ ಕೈಗವಸು ಕೆಳಗಿಟ್ಟಳು.

"ದಿನಾ ಬರಬೇಕು ಅಂತಿದ್ದೆ," ಎಂದಳು. "ಮುಖ ಇರಲಿಲ್ಲ. ತಪ್ಪಾಯ್ತು."

ತಮ್ಮ ಎದ್ದು ಪಟ್ಟಿಯುದ್ದಕ್ಕೂ ಅಂಗೈ ಸವರಿದ. ಬರೀ ಬೆಚ್ಚಗಿತ್ತು, ಬಿಸಿ ಎಲ್ಲೂ ಇರಲಿಲ್ಲ. ಮುಖವಾಡವನ್ನು ಕಂಕುಳಲ್ಲಿಟ್ಟು ಬಾಗಿಲವರೆಗೆ ಹೋಗಿ ನಿಂತ.

"ಬೆಸುಗೆ ಉಜ್ಜಿ ಸಮ ಮಾಡಿ ತುಕ್ಕು ತಡೆಯೋ ಬಣ್ಣ ಹೊಡೀಬೇಕಲ್ಲ. ನಾಳೆ ಎಂಟಕ್ಕೆ ಬರ್ತೀನಿ. ಒಂಬತ್ತಾದ್ರೆ ಬೈಬೇಡ."

"ಬೈತೀನಿ."

"ಸರಿ, ಬೈಯಿ," ಎಂದವನು ಹಿಂದಕ್ಕೆ ಬಂದು, ಮುಖವಾಡವನ್ನು ಗೋಡೆಯ ಗೂಟಕ್ಕೆ ನೇತುಹಾಕಿ ಹೋದ.