ಕೇಳಿದ ಬಿಪಿ, ಅಳೆದ ಬಿಪಿ

ಹಾವೇರಿ ಕಡೆಯ ದಾಕ್ಷಾಯಣಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸಾರ್ವಜನಿಕ ಆರೋಗ್ಯದ ಎಂ.ಎಸ್ಸಿ. ಮಾಡುತ್ತಿದ್ದಳು. ಆಫ್ರಿಕದ ಮಲಾವಿಯಲ್ಲಿ ದೊಡ್ಡವರ ಪೈಕಿ ಎಷ್ಟು ಜನಕ್ಕೆ ರಕ್ತದೊತ್ತಡ ಹೆಚ್ಚಿದೆ ಎಂಬುದು ಅವಳ ಪ್ರಬಂಧ. ಸಮೀಕ್ಷೆಯವರು ಮೊದಲು 'ನಿಮಗೆ ಬಿಪಿ ಇದೆಯಾ?' ಎಂದು ಕೇಳಿದ್ದರು, ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಅಳೆದಿದ್ದರು. ಕೇಳಿದಾಗ ಹತ್ತು ಜನರಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ಅಳೆದಾಗ ಮೂವರಿಗೆ ಇತ್ತು.

ಅವಳ ಗೈಡ್ ರಾಮಮೂರ್ತಿ ಮೈಸೂರಿನವರು. ಸಿಟ್ಟೆಂದರೇನೆಂದೇ ತಿಳಿಯದ ಮನುಷ್ಯ ಎಂದು, ಅಲ್ಲಿನ ಕನ್ನಡಿಗರು ಸೇರುವ ಟಿವಿಡೇಲ್ ಬಾಲಾಜಿ ದೇವಸ್ಥಾನದ ತುಂಬ ಹೆಸರು. ಮಲಾವಿಯಲ್ಲಿ ಈ ಕಾಯಿಲೆ ಅಪರೂಪ ಎಂದು ಹಿಂದೆ ಅವರೇ ಒಂದು ವರದಿ ಬರೆದಿದ್ದರು. ಬರೀ ಕೇಳಿ ಬರೆದದ್ದು, ಅಳೆದದ್ದಲ್ಲ.

"ಬಿಪಿ ಇಲ್ಲ ಅಂದೋರನ್ನ ಬಿಪಿ ಇಲ್ಲದೋರ ಲೆಕ್ಕಕ್ಕೇ ಸೇರಿಸಮ್ಮ," ಎಂದರು ಅಂದು ಕೋಣೆಗೆ ಕರೆಸಿ. "ಅಳೆಯುವಾಗ ಗಾಬರಿಗೂ ಏರತ್ತೆ."

"ಮೂರು ಮೂರು ಸಲ ಅಳೆದಿದ್ದಾರೆ ಸರ್."

"ಪ್ರಬಂಧ ಸಲ್ಲಿಸೋಕೆ ನಾಳೆ ಕೊನೇ ದಿನ. ಮಾರ್ಕ್ಸ್ ಹಾಕೋನು ನಾನು, ನೆನಪಿರಲಿ."

ದಾಕ್ಷಾಯಣಿಗೆ ಅವ್ವ ನೆನಪಾದಳು. ನಮ್ಮ ಮಂದಿಗೆ ಬಿಪಿ ಎಂದರೆ ಸಿಟ್ಟು ತಾನೇ? 'ಆಕಿಗೆ ಬಿಪಿ ಏರೇತಿ' ಎಂದರೆ ಆಕೆ ಕೂಗಾಡುತ್ತಿದ್ದಾಳೆ ಎಂದೇ ಅರ್ಥ. 'ನನಗ್ಯಾಕ ಬಿಪಿ ಬರ್ತೇತಿ, ನಾ ಯಾರಿಗೂ ಒಂದ್ ಮಾತು ಅಂದಾಕಿ ಅಲ್ಲ' ಎನ್ನುತ್ತಿದ್ದ ಅವ್ವ, ನಲವತ್ತಾರಕ್ಕೇ ರೊಟ್ಟಿ ಬಡಿಯುತ್ತ ಕುಸಿದುಬಿದ್ದು ತೀರಿಹೋಗಿದ್ದಳು. ಒಮ್ಮೆಯೂ ಅಳೆಸಿರಲಿಲ್ಲ. ಆ ಸಂಕಟ ಮಗಳಿಗೆ ಇನ್ನೂ ಆರಿರಲಿಲ್ಲ.

ಅವ್ವ ಹೋದಂದಿನಿಂದ ಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದ ಬಿಪಿ ಯಂತ್ರವನ್ನು ಅವಳು ತೆಗೆದು ಮೇಜಿನ ಮೇಲಿಟ್ಟಳು. "ನಿಮಗೆ ಬಿಪಿ ಇದೆಯಾ ಸರ್?"

"ನನಗಾ?" ರಾಮಮೂರ್ತಿ ನಕ್ಕರು. "ನಾನು ಯಾವತ್ತಾದ್ರೂ ಸಿಟ್ಟಾಗಿದ್ದು ನೋಡಿದೀಯೇನಮ್ಮ?"

ಆರೋಗ್ಯದ ಪ್ರೊಫೆಸರೇ ಹೀಗೆಂದರೆ ಇನ್ನು ಅವ್ವನದೇನು ತಪ್ಪು!

"ಕೊನೇ ಸಲ ಯಾವಾಗ ಅಳೆಸಿದ್ರಿ?"

"ಅದೆಲ್ಲ ಈಗ್ಯಾಕೆ?"

"ತೋಳು ಕೊಡಿ ಸರ್."

ರಾಮಮೂರ್ತಿ ಮಡಚಿದ್ದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದು ಗುಂಡಿ ಹಾಕಿಕೊಂಡರು. "ತೆಗಿ ಅದನ್ನ," ಎಂದರು. ಅವರು ಹೆದರಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಪಾಪ ಎನಿಸಿತು, ಆದರೂ ಬಿಡಲಿಲ್ಲ. ಇಷ್ಟು ದಿನ ಜೋಪಾನವಾಗಿ ಆಡುತ್ತಿದ್ದ ಬೆಂಗಳೂರು ಕನ್ನಡ ಎಲ್ಲೋ ಹಾರಿಹೋಯಿತು.

"ನಿಮ್ಮ ತೋಳು ನಿಮ್ಮದ್ರಿ, ಬ್ಯಾಡಂದ್ರ ಬಿಡ್ರಿ. ಆದ್ರ ಮಲಾವಿ ಮಂದಿ ತೋಳು ಕೊಟ್ಟಾರ. ಅಳೆದದ್ದನ್ನ ನಾ ಅಳಿಸಂಗಿಲ್ಲ."

"ಫೇಲಾದ್ರೆ?"

"ಆಗ್ತೇನ್ರಿ."

ಅವರೆದುರೇ ಲ್ಯಾಪ್‌ಟಾಪ್ ತೆರೆದಳು. ಹತ್ತಕ್ಕೆ ಮೂರು ಎಂಬುದನ್ನು ಇದ್ದ ಹಾಗೇ ಇಟ್ಟು ಪ್ರಬಂಧ ಸಲ್ಲಿಸಿಯೇಬಿಟ್ಟಳು. ಚೀಲ ಹೆಗಲಿಗೇರಿಸಿದಳು, ಯಂತ್ರವನ್ನು ಮುಟ್ಟಲಿಲ್ಲ.

"ಇದು ಇಲ್ಲೇ ಇರ್ಲಿ ಸರ್," ಎಂದಳು ಬಾಗಿಲಲ್ಲಿ ನಿಂತು. "ಬಾಗಲಾ ಹಾಕ್ಕೊಂಡು ನೋಡ್ಕೊಳ್ರಿ. ನಾ ಯಾರಿಗೂ ಹೇಳಂಗಿಲ್ಲ."