ಸುನಿತಾಳ ಮುಖದ ಬಣ್ಣ

ಶ್ರೀರಂಗಪಟ್ಟಣದ ಫ್ಲೆಕ್ಸ್ ಅಂಗಡಿಯಲ್ಲಿ ಕೂತು, ಸತ್ತವರನ್ನೆಲ್ಲ ಬೆಳ್ಳಗೆ ಮಾಡುವುದೇ ಅಂಬಿಕಳ ಕಸುಬಾಗಿತ್ತು. ತಿಥಿಯ ಫ್ಲೆಕ್ಸು ಊರ ಬಾಗಿಲಲ್ಲಿ ನಿಲ್ಲುವಂಥದ್ದು. ಬದುಕೆಲ್ಲ ಬಿಸಿಲಲ್ಲಿ ಬೆಂದವರೂ ಅದರಲ್ಲಿ ಕೆನೆಬಣ್ಣದವರಾಗಬೇಕು. ಮಾಡಿ ಎಂದು ಯಾರೂ ಕೇಳುತ್ತಿರಲಿಲ್ಲ, ಬೇಡ ಎಂದೂ ಅನ್ನುತ್ತಿರಲಿಲ್ಲ. ಹಾಳಾದ್ದು, ಅದೊಂದು ರೂಢಿ.

ಅವತ್ತು ಸಂಗಮದಲ್ಲಿ ಮಗಳ ಬೂದಿ ಬಿಟ್ಟು ಒದ್ದೆ ಪಂಚೆಯಲ್ಲೇ ಅಂಗಡಿಗೆ ಬಂದವನು ಸಂತೆಬಾಚಹಳ್ಳಿ ಕಡೆಯ ಹೊನ್ನಪ್ಪ. ಮಗಳು ಸುನಿತಾ ಬಟ್ಟೆ ಒಗೆಯಲು ಹೋಗಿ ನಾಲೆಗೆ ಜಾರಿದ್ದಳು. ತಾಯಿಕರುಳು ತಡೆಯಲಾರದೆಂದು ಹಿರಿಯರು ಹುಡುಗಿಯ ಮುಖ ಮುಚ್ಚಿಯೇ ಚಿತೆಗೆ ಏರಿಸಿದ್ದರು. ಹೆತ್ತವಳು ಪುಟ್ಟತಾಯಮ್ಮ ಇನ್ನು ಮಗಳನ್ನು ನೋಡುವುದು ಈ ಫ್ಲೆಕ್ಸಿನಲ್ಲೇ, ಮುಖ ಚೆನ್ನಾಗಿ ಬರಲಿ ಎಂದಷ್ಟೇ ಅವನು ಬೇಡಿಕೊಂಡ.

ದಿನವಿಡೀ ದಿಟ್ಟಿಸಿ ಕಣ್ಣು ಉರಿಯುತ್ತದೆಂದು ಅಂಬಿಕ ಅಂಗಡಿಯ ಲಿನಕ್ಸ್ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ನೈಟ್ ಲೈಟ್ ಹಾಕಿಕೊಂಡಿದ್ದಳು. ಹಗಲಲ್ಲೂ ಅದು ಉರಿಯುತ್ತಿರುವುದು ಅವಳಿಗೆ ಮರೆತೇ ಹೋಗಿತ್ತು. ಅದು ಪರದೆಗೆ ಅರಿಶಿನ ಬಳಿದ ಹಾಗೆ ತೋರಿಸುತ್ತದೆ, ಅಚ್ಚಿಗೆ ಹೋಗುವ ಬಣ್ಣವನ್ನು ಮಾತ್ರ ಮುಟ್ಟುವುದಿಲ್ಲ. ಹೊನ್ನಪ್ಪನ ಮೊಬೈಲಿನ ಫೋಟೊ ಹಾಕಿ ನೋಡಿದರೆ ಹುಡುಗಿಯ ಮುಖ ಹಳದಿ ಹಳದಿ. ಅಂಬಿಕ ಹಳದಿ ತೆಗೆದು ನೀಲಿ ಬೆರೆಸಿದಳು, ರೂಢಿಯಂತೆ ಬೆಳ್ಳಗೂ ಮಾಡಿದಳು. ಪರದೆಯಲ್ಲಿ ಲಕ್ಷಣವಾಗಿಯೇ ಕಂಡಿತು. ಅಚ್ಚಿಗೆ ಕಳಿಸಿದಳು.

ಮಷೀನಿನಿಂದ ಇಳಿದ ಫ್ಲೆಕ್ಸನ್ನು ಬಿಡಿಸಿದ ಹೊನ್ನಪ್ಪ ಗೋಡೆ ಹಿಡಿದು ಕೂತುಬಿಟ್ಟ.

“ನೀರಿಂದ ಎತ್ದಾಗ ಇಂಗೇ ಇದ್ಲು ಕಣವ್ವ,” ಎಂದ. “ಅವರವ್ವಂಗೆ ಇದ್ನ ಎಂಗ್ ತೋರ್ಸ್ಲಿ?”

ಅಂಬಿಕ ಎದ್ದು ಬಂದು ನೋಡಿದಳು. ಫ್ಲೆಕ್ಸಿನಲ್ಲಿ ತುಟಿ ನೀಲಿ, ಕೆನ್ನೆ ಸುಣ್ಣ. ತಿರುಗಿ ನೋಡಿದರೆ ಪರದೆಯಲ್ಲಿ ಅದೇ ಹುಡುಗಿ ಕಳೆಕಳೆಯಾಗಿ ನಗುತ್ತಿದ್ದಾಳೆ. ಆಗ ಹೊಳೆಯಿತು ಅವಳಿಗೆ. ಸೆಟ್ಟಿಂಗ್ ತೆರೆದು ನೈಟ್ ಲೈಟ್ ಆರಿಸಿದಳು. ಅರಿಶಿನವೆಲ್ಲ ಸರಿದು ಹೆಣದ ಬಣ್ಣ ಪರದೆಯ ಮೇಲೂ ಎದ್ದು ಬಂತು. ಅಯ್ಯೋ, ಎಂಥ ಕೈ ನನ್ನದು ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ತಾನು ಬಳಿದದ್ದನ್ನೆಲ್ಲ ಅಳಿಸಿ ಮೂಲ ಫೋಟೊವನ್ನೇ ಇಟ್ಟಳು. ಎಣ್ಣೆಗಪ್ಪು ಹುಡುಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಳು. ಬೆಳ್ಳಗೆ ಮಾಡುವ ಗೋಜಿಗೆ ಅಂಬಿಕ ಹೋಗಲಿಲ್ಲ. ಹೊನ್ನಪ್ಪ ಎದ್ದು ಬಂದು ಪರದೆಯ ಹತ್ತಿರ ಬಗ್ಗಿದ. ಇವಳೇ, ಇವಳೇ ಎಂದು ಬಿಕ್ಕಿ ಬಿಕ್ಕಿ ಅತ್ತ. ಅಂಬಿಕಳಿಗೂ ಅಳು ತಡೆಯಲಾಗಲಿಲ್ಲ.

ಹೊಸ ಫ್ಲೆಕ್ಸು ಸುರುಳಿಯಾಗಿ ಅವನ ಕಂಕುಳು ಸೇರಿತು. ಹಳೆಯದು ಯಾರ ಕಣ್ಣಿಗೂ ಬೀಳಬಾರದೆಂದು ಅವನು ಅದನ್ನು ಹರಿಯಲು ನೋಡಿದ. ಫ್ಲೆಕ್ಸು ಕೈಗೆ ಹರಿಯುತ್ತದೆಯೇ? ಅಂಬಿಕ ಕತ್ತರಿ ತಂದು ಹುಡುಗಿಯ ಮುಖದ ಅಂಚಿಗೆ ಹಿಡಿದಳು. ಹೊನ್ನಪ್ಪ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಬ್ಯಾಡ ಕಣವ್ವ,” ಎಂದ. “ಆಸ್ಪತ್ರೇಲಿ ಒಂದ್ಸತಿ ಕುಯ್ದವ್ರೆ.”